ಮೂಲ ನೋಡಿ

ನಮ್ಮ ಮನೆಯಲ್ಲಿ ತಂದೆಯನ್ನು ಅಣ್ಣ ಎಂದು ಕರೆಯುತ್ತಿದ್ದೆವು. ಅಣ್ಣ ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದರು. ಮೊದಲು ಹತ್ತು ವರ್ಷ, ಕನ್ನಡಿಯಲ್ಲಿ ಕಂಡಂತೆ ತಿರುಗಿದ ಅಕ್ಷರಗಳ ಸೀಸದ ಅಚ್ಚುಮೊಳೆ ಜೋಡಿಸಿ, ಆಮೇಲೆ ಕರಡಿನ ಮೇಜಿಗೆ ಬಂದವರು. ತಪ್ಪು ಖಚಿತವಾಗಿದ್ದರೆ ಕೆಂಪು ಶಾಯಿಯಲ್ಲಿ ಸರಿಪಡಿಸುತ್ತಿದ್ದರು. ಬರೀ ಅನುಮಾನವಿದ್ದರೆ ಪದದ ಕೆಳಗೆ ಗೆರೆ ಎಳೆದು ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಹಾಕುತ್ತಿದ್ದರು. ಚಿಕ್ಕವಳಿದ್ದಾಗ ಅದೇನೆಂದು ಕೇಳಿದ್ದೆ.

"ತಪ್ಪು ಅಂತಲ್ಲ ಮರಿ, ಮೂಲ ನೋಡಿ ಅಂತ," ಎಂದಿದ್ದರು. ಮೂಲ ಎಂದರೆ ಲೇಖಕರು ಕೈಯಲ್ಲಿ ಬರೆದುಕೊಟ್ಟ ಪ್ರತಿ.

ಹೀಗೇ ಹೇಳಿದರೇ, ಇಷ್ಟೇ ಮಾತಿನಲ್ಲಿ ಹೇಳಿದರೇ ಎಂದರೆ ನನ್ನಲ್ಲಿ ಸಾಕ್ಷಿಯಿಲ್ಲ. ಮುಂದೆ ಹೇಳುವುದಕ್ಕೆ ಡೈರಿ ಇದೆ. ಆದರೆ ಆ ಡೈರಿಯನ್ನು ಬರೆದವಳೂ ನಾನೇ.

ಎಂಬತ್ತರ ದಶಕದ ಮೊದಲ ವರ್ಷಗಳು. ನನ್ನ ಎಂ.ಎ. ಕೊನೆಯ ಪರೀಕ್ಷೆ ನಡೆಯುತ್ತಿತ್ತು. ಒಂದು ಬೆಳಿಗ್ಗೆ ಅಣ್ಣ ಜಗುಲಿಯಿಂದ ಪೇಪರ್ ಹಿಡಿದುಕೊಂಡು ಒಳಗೆ ಬಂದು, "ಪೇಪರಿನವನು ಪಕ್ಕದ ಮನೇದು ನಮಗೆ ಹಾಕಿದಾನೆ. ತೆಲುಗು," ಎಂದರು. ಪಕ್ಕದ ಮನೆಯವರು ಬಳೇಪೇಟೆಯಲ್ಲಿ ಬಳೆ ವ್ಯಾಪಾರ ಮಾಡುತ್ತಿದ್ದ ತೆಲುಗಿನವರು. ನಾನು ಪುಸ್ತಕದಿಂದ ತಲೆ ಎತ್ತದೆ, ಹೋಗಿ ಬದಲಾಯಿಸಿಕೊಂಡು ಬನ್ನಿ ಎಂದೆ. ಅವರು ಹೋದರು. ಕಾಂಪೌಂಡಿನ ಆಚೆಯಿಂದ ಬಳೆ ಅಂಗಡಿಯ ಯಜಮಾನರ ನಗು ಕೇಳಿಸಿತು.

"ಏನ್ ಸ್ವಾಮಿ, ತಿದ್ದಿ ತಿದ್ದಿ ನಿಮಗೆ ಕನ್ನಡಾನೂ ತೆಲುಗಾಗಿ ಕಾಣ್ತಿದೆಯಾ?"

ಅಣ್ಣನೂ ನಕ್ಕರು. ವಾಪಸು ಬಂದು ಪೇಪರನ್ನು ನಾಲ್ಕು ಮಡಿಕೆ ಮಡಿಸಿ ರೇಡಿಯೋ ಮೇಲೆ ಇಟ್ಟರು. ಅದು ಮೊದಲಿನಿಂದಲೂ ನಮ್ಮದೇ ಕನ್ನಡ ಪೇಪರಾಗಿತ್ತು. ನಾನದನ್ನು ನೋಡಿದೆ. ವಿಚಿತ್ರ ಎನ್ನಿಸಿತು. ಮತ್ತೆ ಪುಸ್ತಕಕ್ಕೆ ಬಗ್ಗಿದೆ.

ಮೈ ಸರಿಯಿಲ್ಲವೆಂದು ಅಣ್ಣ ಆ ದಿನ ಪ್ರೆಸ್ಸಿಗೆ ಹೋಗಲಿಲ್ಲ. ಮರುದಿನ ಊಟದಲ್ಲಿ ತಟ್ಟೆಯ ಬಲಗಡೆಯ ಪಲ್ಯ ಹಾಗೇ ಉಳಿದಿತ್ತು. ಪಲ್ಯ ಯಾಕೆ ಮುಟ್ಟಲಿಲ್ಲ ಎಂದು ಅಮ್ಮ ಕೇಳಿದರೆ, ಬಡಿಸಿದ್ದರೆ ತಾನೆ ಎಂದರು. ಕನ್ನಡಕದ ನಂಬರ್ ಬದಲಾಗಿರಬೇಕು, ಅವೆನ್ಯೂ ರಸ್ತೆಯ ಕಡೆ ಹೋಗಿ ತೋರಿಸಬೇಕು ಎಂದೂ ಅವರೇ ಹೇಳಿದರು. ಪರೀಕ್ಷೆ ಮುಗಿಯಲಿ ಅಣ್ಣ, ಎಂದೆ. ಇನ್ನೂ ಎರಡು ಪೇಪರ್ ಬಾಕಿ ಇದ್ದವು.

ಪರೀಕ್ಷೆ ಮುಗಿಸಿ ಬಂದ ಸಂಜೆ ಅಣ್ಣ ಒಂದು ಹಾಳೆ ಕೊಟ್ಟು, ಸರಿಯಿದೆಯಾ ಓದಿ ಹೇಳು ಎಂದರು. ಪ್ರೆಸ್ಸಿಗೆ ಬರೆದ ರಜೆಯ ಪತ್ರ. ಅಕ್ಷರ ಎಂದಿನಂತೆ ದುಂಡಗೆ, ಒಂದು ಒತ್ತೂ ತಪ್ಪಿರಲಿಲ್ಲ. ಊರವರು ಬರೆದದ್ದನ್ನೆಲ್ಲ ತಿದ್ದುವ ಮನುಷ್ಯ ತಾನು ಬರೆದದ್ದನ್ನು ನನ್ನಿಂದ ಓದಿಸುತ್ತಿದ್ದರು. ಸರಿಯಾಗಿದೆಯಲ್ಲ, ನೀವೇ ನೋಡಿ ಎಂದು ಹಾಳೆಯನ್ನು ಹಿಂದಕ್ಕೆ ಚಾಚಿದೆ. ಅವರು ಅದನ್ನು ತೆಗೆದುಕೊಳ್ಳಲಿಲ್ಲ.

"ಬರೆಯಕ್ಕೆ ಬರುತ್ತೆ. ಓದಕ್ಕೆ ಬರ್ತಿಲ್ಲ ಮರಿ."

ಮಾರನೆಯ ಬೆಳಿಗ್ಗೆ ದೊಡ್ಡಾಸ್ಪತ್ರೆಗೆ ಹೋದೆವು. ತಲೆಯ ಒಳಗನ್ನು ಪದರ ಪದರವಾಗಿ ತೋರಿಸುವ ಯಂತ್ರ ಆಗ ಊರಿಗೆ ಹೊಸದು. ಯಾವಾಗಿನಿಂದ ಹೀಗೆ ಎಂದು ಡಾಕ್ಟರು ಕೇಳಿದರು. "ಮೊನ್ನೆಯಿಂದ," ಎಂದೆ. ಅಣ್ಣ ನನ್ನ ಕಡೆ ತಿರುಗಿ ನೋಡಿದರು.

ಸ್ಕ್ಯಾನಿನ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಡಾಕ್ಟರು ತೋರಿಸಿದರು. ತಲೆಯ ಹಿಂಭಾಗದಲ್ಲಿ ಒಂದು ಕಪ್ಪು ಮಚ್ಚೆ. ಬಲಗಡೆ ಎಂದುಕೊಂಡೆ. ಅಲ್ಲ, ಫಿಲ್ಮಿನಲ್ಲಿ ಬಲ ಎಂದರೆ ರೋಗಿಯ ಎಡ ಎಂದರು ಡಾಕ್ಟರು.

"ಮೊಳೆ ಇದ್ದ ಹಾಗೆ ಅನ್ನಿ," ಎಂದರು ಅಣ್ಣ. "ತಿರುಗಿಸಿ ಓದ್ಬೇಕು."

ಆಸ್ಪತ್ರೆಯಲ್ಲಿ ನಾವು ನಕ್ಕದ್ದು ಅದೊಂದೇ ಸಲ. ಆ ಮಚ್ಚೆಯ ಜಾಗಕ್ಕೆ ಸ್ವಲ್ಪ ಹೊತ್ತು ರಕ್ತ ಹೋಗಿಲ್ಲ, ಬಲಗಡೆಯದು ಕಾಣದಿರುವುದೂ ಅದರಿಂದಲೇ, ಕಣ್ಣೂ ಸರಿಯಿದೆ, ಭಾಷೆಯೂ ಸರಿಯಿದೆ, ನಡುವಿನ ದಾರಿ ಕಡಿದಿದೆ ಎಂದು ಡಾಕ್ಟರು ವಿವರಿಸಿದರು. ಕೈಗೆ ಅಕ್ಷರ ಗೊತ್ತು, ಬೆರಳಲ್ಲಿ ತಿದ್ದಿ ನೋಡಿ ಎಂದರು. ಮತ್ತೆ ಓದು ಬರುತ್ತದೆಯೇ ಎಂಬುದಕ್ಕೆ ಮಾತ್ರ ಭರವಸೆ ಕೊಡಲಿಲ್ಲ.

ಪ್ರೆಸ್ಸಿನ ಯಜಮಾನರು ಒಳ್ಳೆಯವರು. ಸುಮ್ಮನೆ ಬಂದು ಕೂತಿರಲಿ, ಸಂಬಳ ನಿಲ್ಲುವುದಿಲ್ಲ ಎಂದು ಹೇಳಿಕಳಿಸಿದರು. ಒಂದು ಪುಟ ಓದಿದ ದಿನ ಬರುತ್ತೇನೆ, ಅದಕ್ಕೆ ಮೊದಲು ಇಲ್ಲ ಎಂದು ಅಣ್ಣ ಉತ್ತರ ಕಳಿಸಿದರು.

ಇಲ್ಲಿಂದ ನನ್ನ ನೆನಪು ಬಹಳ ಸ್ಪಷ್ಟ. ಅಮ್ಮ ತಟ್ಟೆಯಲ್ಲಿ ಅಕ್ಕಿ ಹರಡುತ್ತಾರೆ. ನಾನು ಅಣ್ಣನ ತೋರುಬೆರಳು ಹಿಡಿದು ಅಕ್ಕಿಯ ಮೇಲೆ ಅ ತಿದ್ದಿಸುತ್ತೇನೆ. ಉಗುರಿನ ಸಂದಿಯ ಕೆಂಪು ಶಾಯಿಯೂ ಕಾಣುತ್ತದೆ. ಎಷ್ಟೋ ಜನರಿಗೆ ಇದನ್ನು ಹೇಳಿದ್ದೇನೆ.

ಡೈರಿಯಲ್ಲಿ ಅಕ್ಕಿ ಇಲ್ಲ. ಅಲ್ಲಿರುವುದು ಇಷ್ಟು: "ಅಣ್ಣ ಕ್ಯಾಲೆಂಡರಿನ ಎದುರು ನಿಂತು ಗಾಳಿಯಲ್ಲಿ ಬೆರಳು ಆಡಿಸುತ್ತಿದ್ದರು. ಹತ್ತಿರ ಹೋಗಿ ಕೈ ಹಿಡಿದೆ. ಕೊಡವಿಬಿಟ್ಟರು. ಬಿಡು, ನಾನೇ ತಿದ್ಕೊತೀನಿ ಅಂದರು."

ಅಕ್ಕಿಯ ತಟ್ಟೆ ಬಹುಶಃ ನನ್ನ ಅಕ್ಷರಾಭ್ಯಾಸದ್ದು. ಆಗ ಬೆರಳು ಹಿಡಿದದ್ದು ಅವರು, ಹಿಡಿಸಿಕೊಂಡದ್ದು ನಾನು. ಅದನ್ನು ತಿರುಗಿಸಿ ನನ್ನನ್ನು ಒಳ್ಳೆಯ ಮಗಳನ್ನಾಗಿ ಮಾಡಿಕೊಂಡೆನೇ?

ಮಿದುಳಿನ ಬಗ್ಗೆ ಇತ್ತೀಚೆಗೆ ಬರುವುದನ್ನೆಲ್ಲ ಹುಡುಕಿ ಓದುತ್ತೇನೆ. ಈಗಿನ ಚಿತ್ರಗಳು ಅಣ್ಣನ ಫಿಲ್ಮಿನಂತೆ ಗಾಯವನ್ನಷ್ಟೇ ತೋರಿಸುವುದಿಲ್ಲ, ಯೋಚಿಸುವಾಗ ಯಾವ ಭಾಗ ಚುರುಕಾಗುತ್ತದೆ ಎಂಬುದನ್ನೂ ತೋರಿಸುತ್ತವೆ. ಓದು ಕಲಿತವರ ಮಿದುಳಿನ ಎಡಭಾಗದಲ್ಲಿ, ಹಿಂದಕ್ಕೆ, ಅಕ್ಷರಗಳಿಗೆಂದೇ ಒಂದು ಜಾಗ ಏರ್ಪಡುತ್ತದಂತೆ. ಅಣ್ಣ ಕಳೆದುಕೊಂಡದ್ದು ಆ ಜಾಗಕ್ಕೆ ಹೋಗುವ ದಾರಿಯನ್ನಿರಬೇಕು. ಅದು ನನಗೆ ಸಮಾಧಾನ ಕೊಟ್ಟಿತು. ಇನ್ನೊಂದು ಸಂಗತಿ ಕೊಡಲಿಲ್ಲ. ನಡೆದದ್ದನ್ನು ನೆನೆಯುವಾಗಲೂ ನಡೆಯದ್ದನ್ನು ಕಲ್ಪಿಸುವಾಗಲೂ ಬಹುಮಟ್ಟಿಗೆ ಒಂದೇ ಭಾಗಗಳು ಕೆಲಸ ಮಾಡುತ್ತವೆ, ಹೊರತೆಗೆದ ನೆನಪು ಸ್ವಲ್ಪ ಬದಲಾಗಿಯೇ ಒಳಗೆ ಮರಳಬಹುದು ಎನ್ನುತ್ತಾರೆ. ಅಣ್ಣನ ಪ್ರೆಸ್ಸಿನಲ್ಲಿ ಅಚ್ಚು ಮುಗಿದ ಮೇಲೆ ಪುಟವನ್ನು ಬಿಚ್ಚಿ ಮೊಳೆಗಳನ್ನು ಅವುಗಳ ಖಾನೆಗೆ ಹಾಕುತ್ತಿದ್ದರು. ಅದೇ ಪುಟ ಮತ್ತೆ ಬೇಕೆಂದರೆ ಹೊಸದಾಗಿ ಜೋಡಿಸಬೇಕಿತ್ತು, ಹೊಸ ತಪ್ಪುಗಳೊಂದಿಗೆ.

ಅಣ್ಣ ತಿಂಗಳುಗಟ್ಟಲೆ ತಿದ್ದಿದರು. ಅಂಗಡಿಯ ಬೋರ್ಡು, ಬಸ್ಸಿನ ಹಲಗೆ, ಬೆಂಕಿಪೊಟ್ಟಣ, ಎಲ್ಲದರ ಎದುರೂ ತೋರುಬೆರಳು ತೊಡೆಯ ಮೇಲೆ ಸುಳಿದಾಡುತ್ತಿತ್ತು. ಅಕ್ಷರವನ್ನು ಕಣ್ಣಿನಿಂದ ಬೆರಳಿಗೆ ಇಳಿಸಿ, ಬೆರಳಿನಿಂದ ಬಾಯಿಗೆ ತರುತ್ತಿದ್ದರು. ಅಚ್ಚಿಗಿಂತ ಕೈಬರಹ ಸುಲಭ, ಅದರಲ್ಲಿ ಕೈ ಓಡಿದ ಗುರುತು ಇರುತ್ತದೆ ಎಂದು ಒಮ್ಮೆ ಹೇಳಿದರು. ನಾನು ನನ್ನ ಹಳೆಯ ನೋಟ್ ಪುಸ್ತಕಗಳನ್ನು ಕಟ್ಟಾಗಿ ಅವರ ಪಕ್ಕದಲ್ಲಿಟ್ಟೆ. ಆ ಕಟ್ಟಿನಲ್ಲಿ ಡೈರಿಯೂ ಇತ್ತು. ಮರೆತು ಇಟ್ಟೆನೇ, ಬೇಕೆಂದೇ ಇಟ್ಟೆನೇ, ಗೊತ್ತಿಲ್ಲ.

ಕೆಲವು ವಾರಗಳ ಮೇಲೆ ಡೈರಿಯನ್ನು ತೆರೆದಾಗ ಒಂದು ಪುಟದಲ್ಲಿ ಕೆಂಪು ಶಾಯಿ ಕಂಡಿತು. "ಆಸ್ಪತೆ" ಎಂದು ಬರೆದಿದ್ದೆ, ರಕಾರದ ಒತ್ತನ್ನು ಸೇರಿಸಿದ್ದರು. ಅದರ ಮೇಲಿನ ಸಾಲಿನಲ್ಲಿ ನಾನು ಬರೆದದ್ದು: "ಅಣ್ಣನಿಗೆ ಓದಲು ಬರುತ್ತಿಲ್ಲವೆಂದು ತಿಳಿದ ಕೂಡಲೇ ಹೊರಟೆವು." "ಕೂಡಲೇ" ಎಂಬ ಪದದ ಕೆಳಗೆ ನೇರವಾದ ಗೆರೆ. ಅಂಚಿನಲ್ಲಿ ಪ್ರಶ್ನೆ ಚಿಹ್ನೆ.

ಮೊದಲೇ ಹೋಗಿದ್ದರೂ ಆ ಕಾಲದಲ್ಲಿ ಹೆಚ್ಚೇನೂ ಮಾಡಲಾಗುತ್ತಿರಲಿಲ್ಲ ಎಂದು ಬಹಳ ವರ್ಷಗಳ ಮೇಲೆ ಒಬ್ಬ ಡಾಕ್ಟರು ಹೇಳಿದರು. ಆದರೆ ಅಣ್ಣ ಕೇಳಿದ್ದು ಅದನ್ನಲ್ಲ. ಈ ಬರಹಕ್ಕೆ ಕೂತಾಗ ಡೈರಿಯ ಆ ಪದವನ್ನು ಹೊಡೆದುಹಾಕಿ "ಐದನೆಯ ದಿನ" ಎಂದು ಬರೆಯಲು ಪೆನ್ನು ತೆಗೆದುಕೊಂಡೆ. ಐದೋ, ಆರೋ? ಪರೀಕ್ಷೆಯ ವೇಳಾಪಟ್ಟಿ ಎಲ್ಲಿಯೂ ಸಿಗಲಿಲ್ಲ. ನಾಲ್ಕು ಎಂದು ಅಮ್ಮ ಹೇಳುತ್ತಿದ್ದರು. ನೋಡಲು ನನ್ನಲ್ಲಿ ಮೂಲವಿಲ್ಲ. ಪೆನ್ನು ಮುಚ್ಚಿಟ್ಟೆ.

ಕೆಂಪು ಶಾಯಿ ಕಂಡ ಆ ಮಧ್ಯಾಹ್ನ ಡೈರಿ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ. ಅಣ್ಣ ಊಟಕ್ಕೆ ಕೂತಿದ್ದರು. ಅಮ್ಮ ಪಲ್ಯವನ್ನು ತಟ್ಟೆಯ ಎಡಗಡೆ ಬಡಿಸಿದ್ದರು. ನನ್ನ ಕೈಯಲ್ಲಿದ್ದುದನ್ನು ಅಣ್ಣ ನೋಡಿದರು.

"ನಾಳೆಯಿಂದ ಪ್ರೆಸ್ಸಿಗೆ ಹೋಗ್ತೀನಿ," ಎಂದರು. "ಒಂದು ಪುಟ ಓದಿದೆ."

ಪೂರ್ತಿಯಾ ಎಂದು ಕೇಳಿದೆ.

"ಪೂರ್ತಿ," ಎಂದು ಅನ್ನ ಕಲೆಸತೊಡಗಿದರು.