‘ಆಗಲಿ’ ಎಂದು ಕಲಿಸಿದವರು, ‘ಎಂದರೆ’ ಎಂದು ತಿದ್ದಿಕೊಂಡವರು

ಗಣಕಯಂತ್ರಕ್ಕೆ ಯಾವುದಾದರೊಂದು ಭಾಷೆಯಲ್ಲಿ ಕೆಲಸ ಹೇಳುವುದನ್ನು ಕಲಿಸುವ ಅಧ್ಯಾಪಕರಿಗೆ ಇಂದು ಕೊರತೆಯಿಲ್ಲ. ಆದರೆ ಆ ಭಾಷೆಗಳು ಎಂತೆಂಥ ಯೋಚನೆಗಳಿಂದ ಹುಟ್ಟಿದವು, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಏನನ್ನು ಜೊತೆಗೊಯ್ಯಬೇಕು, ಏನನ್ನು ಹೊಸ್ತಿಲಾಚೆಯೇ ಬಿಡಬೇಕು ಎಂಬುದನ್ನು ಕಲಿಸುವವರು ಬೆರಳೆಣಿಕೆಯಷ್ಟು. ಮೂವತ್ತಮೂರು ವರ್ಷ ನಮ್ಮ ಪಾಲಿಟೆಕ್ನಿಕ್ಕಿನಲ್ಲಿ ಪ್ರೋಗ್ರಾಮಿಂಗ್ ಭಾಷೆಗಳ ಮೂಲತತ್ವಗಳನ್ನು ಬೋಧಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಮೇಡಂ ಆ ವಿರಳರ ಸಾಲಿನವರು. ವಿದ್ಯಾರ್ಥಿಗಳ ಬಾಯಲ್ಲಿ ಅವರು ಮೊದಲ ವರ್ಷದಿಂದಲೂ ‘ಆಗಲಿ ಮೇಡಂ’.

ಆ ಹೆಸರು ಹುಟ್ಟಿದ್ದು ಎರಡನೆಯ ಮಹಡಿಯ ಲ್ಯಾಬಿನಲ್ಲಿ. ಮೂವತ್ತೆರಡು ವಿದ್ಯಾರ್ಥಿಗಳಿಗೆ ಎಂಟು ಯಂತ್ರಗಳು, ಅದರಲ್ಲೂ ಎರಡು ಮನಸ್ಸು ಬಂದಾಗ ಮಾತ್ರ ಕಣ್ಣು ಬಿಡುತ್ತಿದ್ದವು. ಹೊಸದಾಗಿ ಬಂದಿದ್ದ ಮೇಡಂ ಹಲಗೆಯ ಮೇಲೆ ‘ಎಣಿಕೆ = ಎಣಿಕೆ + 1’ ಎಂದು ಬರೆದರು. ಮುಂದಿನ ಬೆಂಚಿನವಳೊಬ್ಬಳು ಎದ್ದು ನಿಂತಳು.

“ಇದು ಶುದ್ಧ ಸುಳ್ಳು ಮೇಡಂ. ಐದು ಹೋಗಿ ಆರಕ್ಕೆ ಸಮ ಆಗುತ್ತಾ? ನಮ್ಮ ಗಣಿತದ ಮೇಷ್ಟ್ರು ನೋಡಿದ್ರೆ ಕಿವಿ ಹಿಂಡ್ತಾರೆ.”

“ಸಮ ಅಂತ ಯಾಕೆ ಓದ್ತೀಯ? ‘ಆಗಲಿ’ ಅಂತ ಓದು. ಎಣಿಕೆ ಈಗಿರೋದಕ್ಕಿಂತ ಒಂದು ಜಾಸ್ತಿ ಆಗಲಿ. ಇದು ಲೆಕ್ಕ ಅಲ್ಲಮ್ಮ, ಅಪ್ಪಣೆ.”

ಬರೆದದ್ದನ್ನು ಯಂತ್ರಕ್ಕೆ ಕೊಡುವ ಮುನ್ನ ಬಾಯಿಬಿಟ್ಟು ಓದಲೇಬೇಕೆಂಬುದು ಅಂದಿನಿಂದ ಅವರ ಕಟ್ಟುನಿಟ್ಟಿನ ನಿಯಮವಾಯಿತು. ಲ್ಯಾಬಿನ ಮುಂದೆ ಹಾದುಹೋಗುತ್ತಿದ್ದ ಪ್ರಾಂಶುಪಾಲರು ಒಳಗಿಂದ ಸಾಲುಸಾಲಾಗಿ ‘ಆಗಲಿ, ಆಗಲಿ’ ಕೇಳಿ ಇಣುಕಿ, “ಯಾರಿಗೆ ಇಷ್ಟೊಂದು ಆಶೀರ್ವಾದ?” ಎಂದು ಕೇಳಿದ್ದು ಹಳಬರಿಗೆಲ್ಲ ನೆನಪಿದೆ.

ಹನ್ನೆರಡನೆಯ ವರ್ಷದ ತಂಡದಲ್ಲಿ, ಆಸ್ಪತ್ರೆಯ ಚೀಟಿ ಕೊಡುವ ಕೆಲಸ ಬಿಟ್ಟು ಓದಲು ಬಂದ ಎರಡು ಮಕ್ಕಳ ತಾಯಿಯೊಬ್ಬರಿದ್ದರು. ಎಲ್ಲರಿಗಿಂತ ಹತ್ತು ವರ್ಷ ದೊಡ್ಡವರಾದ್ದರಿಂದ ತರಗತಿಗೆ ಅವರು ‘ಅಕ್ಕ’. ಚಿಕ್ಕ ಮಗಳಿಗೆ ಜ್ವರ ಬಂದು ಅಕ್ಕನಿಗೆ ಎರಡು ವಾರದ ಲ್ಯಾಬು ತಪ್ಪಿದಾಗ, ಮೇಡಂ ಊಟದ ಬಿಡುವಿನಲ್ಲಿ ದಿನವೂ ಪಕ್ಕದಲ್ಲಿ ಕೂತು ಅಷ್ಟನ್ನೂ ಮಾಡಿಸಿದರು. ಅಕ್ಕ ಸಂಕೋಚಪಟ್ಟರೆ, “ಉಪಕಾರ ಅಂದ್ಕೋಬೇಡಿ. ಈ ಹೊತ್ತಲ್ಲಿ ಯಂತ್ರ ಖಾಲಿ ಇರುತ್ತೆ, ಅಷ್ಟೇ,” ಎಂದು ಬಾಯಿ ಮುಚ್ಚಿಸುತ್ತಿದ್ದರು.

ಅದೇ ವರ್ಷ ವಿಭಾಗದ ಮುಖ್ಯಸ್ಥರು ಮೂಲತತ್ವಗಳ ವಿಷಯವನ್ನೇ ಪಠ್ಯಕ್ರಮದಿಂದ ಕೈಬಿಡುವ ಸೂಚನೆ ತಂದರು. “ಕೆಲಸ ಕೊಡೋರು ಕೇಳೋದು ಒಂದೇ ಭಾಷೆ. ಅದನ್ನೇ ಗಟ್ಟಿಯಾಗಿ ಕಲಿಸಿ ಮೇಡಂ, ಉಳಿದದ್ದೆಲ್ಲ ಯಾಕೆ?” ಮೇಡಂ ವಾದಕ್ಕೆ ಇಳಿಯಲಿಲ್ಲ, ಪಣಕ್ಕೆ ಇಳಿದರು. ಇಪ್ಪತ್ತು ವಿದ್ಯಾರ್ಥಿಗಳಿಗೆ ಅವರು ಕಂಡೇ ಇರದ ಭಾಷೆಯೊಂದನ್ನು ಮುಖ್ಯಸ್ಥರೇ ಆರಿಸಿ ಕೊಡುವುದು. ಕೈಪಿಡಿ ನೋಡಿಕೊಂಡು ಮೂರು ದಿನದಲ್ಲಿ, ಆಸ್ಪತ್ರೆಯ ಸರತಿಯಲ್ಲಿ ಎಷ್ಟು ಜನ ಕಾದಿದ್ದಾರೆಂದು ಎಣಿಸುವ ಪ್ರೋಗ್ರಾಂ ಬರೆಯಬೇಕು. ಅರ್ಧದಷ್ಟು ಜನ ಗೆಲ್ಲದಿದ್ದರೆ ಮೇಡಂ ತಾವೇ ಆ ವಿಷಯವನ್ನು ಬಿಟ್ಟುಕೊಡುವುದು. ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ಮಾತಾಡಬಹುದು. ಮೇಡಂ ಮಾತ್ರ ಕೋಣೆಯಲ್ಲಿದ್ದೂ ತುಟಿ ಬಿಚ್ಚುವಂತಿಲ್ಲ.

ಎರಡನೆಯ ದಿನ ಮಧ್ಯಾಹ್ನವಾದರೂ ಒಬ್ಬರ ಪ್ರೋಗ್ರಾಮೂ ಓಡಲಿಲ್ಲ. ಎಲ್ಲರೂ ‘ಎಣಿಕೆ = ಎಣಿಕೆ + 1’ ಎಂದೇ ಬರೆದಿದ್ದರು, ‘ಆಗಲಿ’ ಎಂದೇ ಓದಿದ್ದರು, ಯಂತ್ರ ಮಾತ್ರ ಕಲ್ಲಿನಂತೆ ಕೂತಿತ್ತು. ಮೇಡಂಗೆ ಕಾರಣ ಹೊಳೆಯಿತು. ಅದು ಅಪ್ಪಣೆಗಳ ಭಾಷೆಯಲ್ಲ, ಅರ್ಥ ಹೇಳುವ ಭಾಷೆ. ಅಲ್ಲಿ ಆ ಚಿಹ್ನೆಗೆ ‘ಎಂದರೆ’ ಎಂದೇ ಅರ್ಥ. ‘ಎಣಿಕೆ ಎಂದರೆ ಎಣಿಕೆಗೆ ಒಂದು ಸೇರಿಸಿದ್ದು’ ಎಂದು ಹೇಳಿದರೆ, ‘ಹಾಗಾದರೆ ಆ ಎಣಿಕೆ ಎಂದರೇನು’ ಎಂದು ಯಂತ್ರ ಕೊನೆಯಿಲ್ಲದೆ ಕೇಳಿಕೊಳ್ಳುತ್ತ ಕೂತಿತ್ತು. ಇಂಥ ಭಾಷೆಗಳ ಬಗ್ಗೆ ಅವರು ಕೊನೆಯ ವಾರದಲ್ಲಿ ಬಾಯಿಮಾತಿನಲ್ಲಷ್ಟೇ ಹೇಳುತ್ತಿದ್ದರು, ಬರೆಸಿರಲಿಲ್ಲ. ತಾವೇ ಹನ್ನೆರಡು ವರ್ಷ ರೂಢಿಸಿದ ಮಾತು ಮಕ್ಕಳ ಕಾಲಿಗೆ ತೊಡರಿದ್ದನ್ನು ನೋಡುತ್ತ, ಮೇಡಂ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತರು.

ಮೂರನೆಯ ದಿನ ಬೆಳಿಗ್ಗೆ ಅಕ್ಕ ಕೈಪಿಡಿ ಮಡಚಿಟ್ಟು ಹೇಳಿದರು: “ರಾತ್ರಿ ನನ್ನ ಮಗಳು ಅತ್ತೆ ಅಂದ್ರೆ ಯಾರಮ್ಮ ಅಂದ್ಳು. ಅಪ್ಪನ ಅಕ್ಕನೋ ತಂಗಿನೋ ಅಂದೆ. ‘ನೀನು ಇವತ್ತಿಂದ ಅತ್ತೆ ಆಗು’ ಅಂತ ಯಾರಾದ್ರೂ ಹೇಳ್ತಾರೇನ್ರೋ? ಇದೂ ಹಂಗೇ ಇದೆ. ಆಗಲಿ ಅಲ್ಲ, ಅಂದ್ರೆ!”

“ಅಕ್ಕಾ, ಹಂಗಾದ್ರೆ ಎಣಿಕೆ ಅಂದ್ರೆ ಏನು ಅಂತ ಹೇಳಬೇಕಲ್ಲ?”

“ಹೇಳೋಣ. ಸಾಲು ಖಾಲಿ ಇದ್ರೆ ಸೊನ್ನೆ. ಇಲ್ಲಾಂದ್ರೆ, ಮುಂದೆ ನಿಂತವರನ್ನ ಬಿಟ್ಟು ಉಳಿದವರ ಎಣಿಕೆ, ಅದಕ್ಕೊಂದು ಸೇರಿಸು. ಚೀಟಿ ಕೊಡೋವಾಗ ನಾನು ಇದನ್ನೇ ತಾನೆ ಮಾಡ್ತಿದ್ದೆ!”

ಸಂಜೆಯ ಹೊತ್ತಿಗೆ ಹದಿಮೂರು ಜನರ ಪ್ರೋಗ್ರಾಂಗಳು ಸರಿಯಾದ ಉತ್ತರ ಕೊಟ್ಟವು.

ವಿಭಾಗದ ಸಭೆಯಲ್ಲಿ ಮುಖ್ಯಸ್ಥರು ದೊಡ್ಡ ಮನಸ್ಸಿನಿಂದಲೇ, “ಗೆದ್ರಲ್ಲ ಮೇಡಂ,” ಎಂದರು. ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಮೇಡಂ ಎದ್ದು ನಿಂತು, “ಗೆದ್ದಿದ್ದು ಅವರು. ಎರಡು ದಿನ ಅವರನ್ನ ಕಟ್ಟಿಹಾಕಿದ್ದು ನಾನು. ಒಂದೇ ಬಗೆ ಭಾಷೆನ ತಲೆಗೆ ತುಂಬಿದ್ರೆ ಅದರ ಅಭ್ಯಾಸನೇ ಸತ್ಯ ಅನ್ನಿಸಿಬಿಡುತ್ತೆ ಸರ್. ಕಲಿಸೋ ನನಗೇ ಅನ್ನಿಸಿತ್ತು. ಈ ಸಬ್ಜೆಕ್ಟ್ ಉಳೀಬೇಕು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನ್ನ ಹತ್ರ ಇಲ್ಲ,” ಎಂದರು. ಸೂಚನೆಯ ಕಾಗದವನ್ನು ಮುಖ್ಯಸ್ಥರು ಅಲ್ಲೇ ಹಿಂದಕ್ಕೆ ಪಡೆದರು. ಮರುವರ್ಷದಿಂದ ಎರಡು ಬಗೆಯ ಭಾಷೆಗಳನ್ನೂ ಮೊದಲ ವಾರದಿಂದಲೇ ಅಕ್ಕಪಕ್ಕ ಬರೆಸಲಾಯಿತು. ಅಷ್ಟರಿಂದಲೂ ಸಮಾಧಾನವಾಗದೆ, ಮೇಡಂ ಅದುವರೆಗಿನ ತಮ್ಮ ಎಲ್ಲ ಶಿಷ್ಯರ ವಿಳಾಸ ಹುಡುಕಿ, ‘ನಾನು ನಿಮಗೆ ಕಲಿಸಿದ್ದು ಅರ್ಧ, ಉಳಿದರ್ಧ ಇಲ್ಲಿದೆ’ ಎಂದು ಕೈಬರಹದಲ್ಲೇ ಪತ್ರ ಹಾಕಿದರು.

ಆಮೇಲೆ ಇಪ್ಪತ್ತೊಂದು ತಂಡಗಳು ಆ ವಿಷಯವನ್ನು ಓದಿ ಹೊರಬಂದಿವೆ. ಬರುವ ಸೋಮವಾರದಿಂದ ಅದನ್ನು, ಮುಂದೆ ಓದಿ ಅಧ್ಯಾಪಕಿಯಾದ ಅಕ್ಕನೇ ಬೋಧಿಸಲಿದ್ದಾರೆ. ಮೇಡಂ ಈಗ ಕನ್ನಡದಲ್ಲಿ ಪ್ರೋಗ್ರಾಮಿಂಗ್ ಭಾಷೆಗಳ ಪುಸ್ತಕವೊಂದನ್ನು ಬರೆಯುತ್ತಿದ್ದಾರೆ, ಅರ್ಧ ಮುಗಿದಿದೆ. ಆಯುರಾರೋಗ್ಯ ಅವರ ಜೊತೆಗಿರಲಿ, ಬೆರಳುಗಳಿಗೆ ದಣಿವು ಬಾರದಿರಲಿ, ಉಳಿದ ಅಧ್ಯಾಯಗಳು ಬೇಗ ನಮ್ಮ ಕೈ ಸೇರಲಿ. ಕರಡಿನಲ್ಲಿ ತಪ್ಪು ಕಂಡರೆ ಮುಲಾಜಿಲ್ಲದೆ ಹೇಳಬೇಕೆಂದು ಅವರು ತಾಕೀತು ಮಾಡಿದ್ದಾರೆ. ಹೇಳುತ್ತೇವೆ ಮೇಡಂ, ತಪ್ಪನ್ನು ಒಪ್ಪಿಕೊಂಡವರೂ ತಲೆಯೆತ್ತಿ ನಿಲ್ಲುವುದನ್ನು ನಿಮ್ಮಲ್ಲೇ ಕಂಡವರು ನಾವು.