ಬಾಲದ ಮೇಲೊಂದು ಬೊಟ್ಟು ಗಂಧ

ಮಾವನ ಬಲಗೈ ಹೆಬ್ಬೆರಳಿನ ಉಗುರು ಕಪ್ಪಗೆ, ದಪ್ಪಗೆ, ಹುಣಸೆಬೀಜದ ಹಾಗಿತ್ತು. ಬಲಗೈ ಎಂದು ಬರೆಯುವಾಗಲೇ ಅನುಮಾನ. ಆ ವರ್ಷದ ನನ್ನ ದಿನಚರಿಯಲ್ಲಿ ಎಡಗೈ ಎಂದಿದೆ. ದಿನಚರಿ ಬರೆದವಳಿಗೆ ಹತ್ತೊಂಬತ್ತು ವರ್ಷ, ಹೆದರಿದ್ದಳು. ಈಗ ಬರೆಯುತ್ತಿರುವವಳು ಎಪ್ಪತ್ತು ದಾಟಿದವಳು. ಇಬ್ಬರಲ್ಲಿ ಯಾರನ್ನು ನಂಬಬೇಕೋ ತಿಳಿಯದು. ಇಲ್ಲಿನ ಕೆಲವು ವಿವರಗಳು ತಪ್ಪಿರಬಹುದು. ಆ ಕೈಯಲ್ಲಿ ಕೊನೆಗೆ ಉಳಿದದ್ದು ಹೆಬ್ಬೆರಳು, ಕಿರುಬೆರಳು ಎರಡೇ ಎಂಬುದು ಮಾತ್ರ ತಪ್ಪಲ್ಲ.

ಅವರು ನನ್ನ ತಾಯಿಯ ತಮ್ಮ. ಮಿಲಿಟರಿ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ಬಂದು, ಸೋಮವಾರಪೇಟೆಯ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಫಿಟ್ಟರ್ ಆಗಿದ್ದರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಇರಲಿ, ಪಂಪ್ ಇರಲಿ, ಧಣಿಗಳ ಜೀಪ್ ಇರಲಿ, ಕೆಟ್ಟಿತು ಎಂದರೆ ಮೊದಲು ಅದನ್ನು ಓಡಿಸಿ, ಅದರ ಮೈಮೇಲೆ ಬೆರಳುಗಳನ್ನಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ನಡುಕ ಎಲ್ಲಿಂದ ಹೊರಡುತ್ತಿದೆ ಎಂದು ಬೆರಳಿಗೆ ತಿಳಿಯುತ್ತಿತ್ತು. “ಕಿವಿ ಸುಳ್ಳು ಹೇಳೀತು. ಬೆರಳು ಹೇಳದು,” ಎನ್ನುತ್ತಿದ್ದರು. ಅವರ ಅನ್ನ ಆ ಬೆರಳುಗಳಲ್ಲಿತ್ತು.

ನಮ್ಮ ರಾಜ್ಯಕ್ಕೆ ಮೈಸೂರು ಎಂದೇ ಹೆಸರಿದ್ದ ಕಾಲ. ಧಣಿಯ ಮಗ ಜರ್ಮನಿಯಿಂದ ರೇಡಿಯೊದಲ್ಲಿ ನಡೆಸುವ ಒಂದು ಸಣ್ಣ ಹೆಲಿಕಾಪ್ಟರ್ ತಂದಿದ್ದ. ಸಣ್ಣದೆಂದರೂ ಮಲಗಿದ ಕರುವಿನಷ್ಟು ಉದ್ದ. ಅದು ಅವನ ಮಾತು ಕೇಳಲಿಲ್ಲ. ಪೆಟ್ಟಿಗೆ ಸಮೇತ ಮಾವನಿಗೆ ಕೊಟ್ಟು ಹೋದ. ಜೊತೆಗಿದ್ದ ಪುಸ್ತಕ ಜರ್ಮನ್ ಭಾಷೆಯದು. ನಮ್ಮ ಪಾಲಿಗೆ ಅದರಲ್ಲಿದ್ದದ್ದು ಚಿತ್ರಗಳಷ್ಟೇ.

ತೊಂದರೆ ಇದ್ದದ್ದು ಬಾಲದಲ್ಲಿ. ಮೇಲಿನ ದೊಡ್ಡ ರೆಕ್ಕೆ ಒಂದು ಕಡೆಗೆ ತಿರುಗಿದರೆ ಮೈ ಇನ್ನೊಂದು ಕಡೆಗೆ ತಿರುಗಲು ನೋಡುತ್ತದೆ. ಬಾಲದ ತುದಿಯ ಪುಟ್ಟ ರೆಕ್ಕೆ ಅದನ್ನು ತಡೆದು ಹಿಡಿಯಬೇಕು. ಇದು ಹಿಡಿಯುತ್ತಿರಲಿಲ್ಲ. ಮಾವ ಅದನ್ನು ಕಾಫಿ ಕಣದ ನಡುವೆ ಗೂಟಕ್ಕೆ ಹಗ್ಗದಲ್ಲಿ ಕಟ್ಟಿ ಇಂಜಿನ್ ಚಾಲೂ ಮಾಡುತ್ತಿದ್ದರು. ಸುಟ್ಟ ಹರಳೆಣ್ಣೆಯ ವಾಸನೆ ಕಣದ ತುಂಬ ಹರಡುತ್ತಿತ್ತು. ಯಂತ್ರ ಮೊಣಕಾಲೆತ್ತರಕ್ಕೆ ಎದ್ದು, ಬಾಲ ಬೀಸಿ, ಗಿರಕಿ ಹೊಡೆದು ಹಗ್ಗವನ್ನೇ ಸುತ್ತಿಕೊಳ್ಳುತ್ತಿತ್ತು. ಒಮ್ಮೆ ರೆಕ್ಕೆ ತಗುಲಿ ಹಗ್ಗ ತುಂಡಾಯಿತು, ಹೆಬ್ಬೆರಳಿನಷ್ಟು ದಪ್ಪದ ಹಗ್ಗ. ಮಾವ ಆ ತುಂಡನ್ನು ಅತ್ತೆಗೆ ತೋರಿಸಲಿಲ್ಲ. ನನಗೆ ತೋರಿಸಿದರು.

“ನಿನ್ನ ಮಾವಂಗೆ ಎರಡು ಹೆಂಡ್ತೀರು ಗೂಡೆ,” ಎಂದು ಅತ್ತೆ ಆಡಿಕೊಳ್ಳುತ್ತಿದ್ದರು. ಗೂಡೆ ಎಂದರೆ ನಮ್ಮ ಅರೆಭಾಷೆಯಲ್ಲಿ ಹುಡುಗಿ, ಉಟ್ಟು ಎಂದರೆ ಇದೆ. “ಒಬ್ಬಳಿಗೆ ಬಾಲ ಉಟ್ಟು.”

“ಬಾಲ ಇಲ್ಲದವಳು ಹೆಚ್ಚು ತಿರುಗ್ತಾಳೆ,” ಎಂದರು ಮಾವ, ತಲೆ ಎತ್ತದೆ.

ನಾನು ಮೈಸೂರಿನಲ್ಲಿ ಭೌತಶಾಸ್ತ್ರ ಓದುತ್ತಿದ್ದೆ. ರಜೆಗೆ ಬಂದಾಗ ಗೊತ್ತಿದ್ದವಳಂತೆ, ತಂತಿ ಬಿಗಿ ಮಾಡಿ, ತಿರುಪೂ ಬದಲಿಸಿ ಎಂದುಬಿಟ್ಟೆ. ಮಾವ ಕೈ ಅಡ್ಡ ಹಿಡಿದರು. “ಎರಡನ್ನ ಒಟ್ಟಿಗೆ ಮುಟ್ಬೇಡ. ಸರಿ ಆದರೆ ಯಾವುದರಿಂದ ಆತು ಅಂತ ಗೊತ್ತಾಗಲ್ಲ. ಕೆಟ್ಟರೂ ಗೊತ್ತಾಗಲ್ಲ.” ಮುಂದೆ ಮೂವತ್ತು ವರ್ಷ ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ನಾನು ಕಲಿಸಿದ್ದು ಇದನ್ನೇ. ನನ್ನ ಮಾತು ಎಂಬಂತೆ ಹೇಳುತ್ತಿದ್ದೆ.

ಒಂದೊಂದಾಗಿ ನೋಡುತ್ತ ಹೋದರು. ಮೊದಲು ಬಾಲಕ್ಕೆ ಹೋಗುವ ತಂತಿ, ಆಮೇಲೆ ತಿರುಪುಗಳು. ಕೊನೆಗೆ ಸಿಕ್ಕಿದ್ದು ಪುಟ್ಟ ರೆಕ್ಕೆಯ ಎರಡು ಎಸಳುಗಳ ತೂಕದ ವ್ಯತ್ಯಾಸ. ರೆಕ್ಕೆಯನ್ನು ಸೂಜಿಯ ಮೇಲೆ ಕೂರಿಸಿ, ಹಗುರವಾದ ಎಸಳಿಗೆ ಉಗುರಿನಷ್ಟು ಕಾಗದ ಅಂಟಿಸಿದರು. ಅದು ತಕ್ಕಡಿಯ ಹಾಗೆ ಸಮನಾಗಿ ನಿಂತಿತು. “ನೋಡು, ಒಂದು ಅಕ್ಕಿಕಾಳು ಹೆಚ್ಚಾದರೂ ಇದು ನಡುಗ್ತದೆ. ನಡುಗಿದರೆ ತಿರುಪು ಬಿಚ್ಚಿಕೊಳ್ತದೆ. ಬಿಚ್ಚಿಕೊಂಡರೆ ಬಾಲ ಇಲ್ಲೆ. ಎದುರಿಗೆ ಯಾರಿದ್ದರೂ ಅದಕ್ಕೆ ಒಂದೇ.” ಇದನ್ನು ಕೇಳಿದವಳು ನಾನೊಬ್ಬಳೇ. ಇದು ದಿನಚರಿಯಲ್ಲೂ ಇದೆ.

ಮರುದಿನ ಕೈಲ್ ಮುಹೂರ್ತ. ಗದ್ದೆ ನಾಟಿ ಮುಗಿದ ಮೇಲೆ ನಮ್ಮಲ್ಲಿ ಕೋವಿ, ಕತ್ತಿ, ಗುದ್ದಲಿಗಳನ್ನು ದೇವರ ಕೋಣೆಯಲ್ಲಿಟ್ಟು, ಗಂಧ ಹಚ್ಚಿ, ಬೆಂಕಿ ಬಣ್ಣದ ಕೋವಿ ಹೂ ಮುಡಿಸಿ ಪೂಜಿಸುತ್ತಾರೆ. ಆಮೇಲೆ ಗಂಡಸರು ಕೋವಿ ಹಿಡಿದು ಹೋಗಿ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಮಾವ ಹೆಲಿಕಾಪ್ಟರನ್ನೂ ಆ ಸಾಲಿನಲ್ಲಿಟ್ಟರು. ಪೂಜೆಯ ತನಕ ಅವನ್ನು ಯಾರೂ ಎತ್ತುವಂತಿಲ್ಲ. ಗಂಧದ ಬಟ್ಟಲು ಹಿಡಿದು ಕೋಣೆಗೆ ಹೋದವರು ಅತ್ತೆ ಮತ್ತು ನಾನು. “ಕತ್ತಿಗೆಲ್ಲ ಹಚ್ಚಿ ಸವತಿಗೆ ಬಿಟ್ಟರೆ ಮುನಿಸ್ಕೊಂಡಾಳು,” ಎಂದು ಅತ್ತೆ ನಕ್ಕದ್ದು ಕೇಳಿಸುತ್ತದೆ. ಅದರ ಮೂತಿಗೊಂದು ಬೊಟ್ಟು, ಬಾಲಕ್ಕೊಂದು ಬೊಟ್ಟು. ಬೊಟ್ಟು ಇಡುವ ಬೆರಳೂ ಕಾಣಿಸುತ್ತದೆ. ಆದರೆ ಆ ಕೈಯಲ್ಲಿ ಬಳೆ ಇತ್ತೋ ಇಲ್ಲವೋ, ಎಷ್ಟು ಹುಡುಕಿದರೂ ಕಾಣದು. ಅತ್ತೆಗೆ ಕೈತುಂಬ ಬಳೆ. ನಾನು ತೊಡುತ್ತಿರಲಿಲ್ಲ.

ಪೂಜೆಯಾದ ಮೇಲೆ ಮಾವ ಹೂ ತೆಗೆದರು, ತಿರುಪುಗಳನ್ನು ಒಂದೊಂದಾಗಿ ನೋಡಿದರು. ಎಸಳುಗಳನ್ನು ಹಿಂದಿನ ದಿನವೇ ತೂಗಿದ್ದಾಗಿತ್ತು. ಅವು ತಿಳಿ ಬಣ್ಣದ ಮರದವು, ಮೇಲೆ ಒಣಗಿದ ಗಂಧ ಆ ಬಣ್ಣದಲ್ಲಿ ಕಲೆತುಹೋಗಿತ್ತು. ಅಂದು ಮೊದಲ ಸಲ ಹಗ್ಗ ಬೇಡ ಎಂದರು.

ಕಣದ ಅಂಚಿನಲ್ಲಿ ಎಸ್ಟೇಟಿನವರೆಲ್ಲ ನಿಂತಿದ್ದರು. ಅತ್ತೆಯೂ ನಾನೂ ಮುಂದಿದ್ದೆವು. ಯಂತ್ರ ತಲೆಯೆತ್ತರಕ್ಕೆ ಎದ್ದು ಅಲ್ಲಾಡದೆ ನಿಂತಿತು. ಯಾರೋ ಚಪ್ಪಾಳೆ ತಟ್ಟಿದರು. ಮಾವ ನಗಲಿಲ್ಲ. ಸದ್ದಿನೊಳಗೆ ಇನ್ನೊಂದು ಸಣ್ಣ ಸದ್ದು ಹುಟ್ಟಿತ್ತು, ಮುಚ್ಚಿದ ಡಬ್ಬಿಯಲ್ಲಿ ಸಿಕ್ಕಿದ ಜೇನುಹುಳುವಿನಂತೆ. “ಕೂರಿ, ಎಲ್ಲ ಕೂರಿ,” ಎಂದರು. ಎಲ್ಲರೂ ಕೂತರು. ನಾನು ನಿಂತೇ ಇದ್ದೆ. ಬಾಲ ಒಮ್ಮೆ ಬೀಸಿತು, ಮತ್ತೊಮ್ಮೆ ಬೀಸಿತು, ಯಂತ್ರ ಬುಗುರಿಯಾಗಿ ನನ್ನ ಕಡೆಗೇ ಬಂತು. ಮಾವ ಕೈಯಲ್ಲಿದ್ದ ರೇಡಿಯೊ ಪೆಟ್ಟಿಗೆ ಎಸೆದು ಓಡಿಬಂದು ಅದರ ಕಾಲಿಗೆ ಕೈ ಹಾಕಿ ನೆಲಕ್ಕೆ ಎಳೆದರು.

ನನಗೊಂದು ಗೀರೂ ಆಗಲಿಲ್ಲ.

ಆಮೇಲಿನದನ್ನು ನಾನು ಕಂಡೆನೋ ಕಟ್ಟಿಕೊಂಡೆನೋ ಹೇಳಲಾರೆ. ಅತ್ತೆ ಸೆರಗು ಹರಿದು ಮಾವನ ಕೈಗೆ ಸುತ್ತುತ್ತಿದ್ದರು. ಮಾವ ಮುರಿದ ಬಾಲವನ್ನು ಹತ್ತಿರಕ್ಕೆ ಎಳೆದುಕೊಂಡು ಪುಟ್ಟ ರೆಕ್ಕೆಯ ಮೇಲೆ ಎಡಗೈ ಹೆಬ್ಬೆರಳಾಡಿಸಿದರು. ಬೆರಳು ಒಂದು ಕಡೆ ನಿಂತಿತು. ನನ್ನ ಮುಖ ನೋಡಿದರು. ಆಮೇಲೆ ಅಲ್ಲಿದ್ದದ್ದನ್ನು ಉಗುರಿನಿಂದ ಕೆರೆದು ಪಂಚೆಗೆ ಒರೆಸಿಬಿಟ್ಟರು.

ಜೀಪಿನಲ್ಲಿ ಆಸ್ಪತ್ರೆಗೆ ಹೋಗುವಾಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೇಳಿದರು: “ಏನಾಯಿತು ಮೇಸ್ತ್ರಿ?”

“ಗಾಳಿ.”

“ಗಾಳಿ ಎಲ್ಲಿತ್ತು?”

“ಮೇಲೆ ಇತ್ತು.”

ಆ ದಿನದ ದಿನಚರಿಯಲ್ಲಿ ಒಂದೇ ಸಾಲಿದೆ: ಗಾಳಿ ಜೋರಿತ್ತು, ಮಾವನ ಕೈಗೆ ಪೆಟ್ಟಾಯಿತು. ತೆಂಗಿನಕಾಯಿಗೆ ಹೊಡೆದ ಕೋವಿಗಳ ಹೊಗೆ ನೆಟ್ಟಗೆ ಮೇಲೇರಿದ್ದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

ಫಿಟ್ಟರ್ ಕೆಲಸ ಹೋಯಿತು. ಸ್ಟೋರಿನ ಬಾಗಿಲು ಕಾಯುವ ಕೆಲಸ ಕೊಟ್ಟರು. ಯಾರಾದರೂ ಜೀಪ್ ಓಡಿಸಿಕೊಂಡು ಬಂದರೆ ಅಭ್ಯಾಸಬಲದಿಂದ ಬಲಗೈ ಚಾಚುತ್ತಿದ್ದರು, ಮತ್ತೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಮರುವರ್ಷದ ಕೈಲ್ ಮುಹೂರ್ತಕ್ಕೆ ಗಂಧದ ಬಟ್ಟಲನ್ನು ತಾವೇ ತೆಗೆದುಕೊಂಡು ಎಡಗೈಯಲ್ಲಿ ಒಂದೊಂದಕ್ಕೂ ಹಚ್ಚಿದರು. ಏಕೆಂದು ಯಾರೂ ಕೇಳಲಿಲ್ಲ. ಯಾರು ಹಚ್ಚಿದ್ದೆಂದು ಅವರೂ ಸಾಯುವವರೆಗೆ ಕೇಳಲಿಲ್ಲ. ಅತ್ತೆಗೆ ಆ ಅಕ್ಕಿಕಾಳಿನ ಮಾತು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಮಾವ ಹೋಗಿ ಹನ್ನೊಂದು ವರ್ಷವಾಯಿತು. ಅತ್ತೆ ಈಗ ಕುಶಾಲನಗರದಲ್ಲಿ ಮಗಳ ಮನೆಯಲ್ಲಿದ್ದಾರೆ. ಹೋದ ತಿಂಗಳು ಹೋಗಿದ್ದೆ. ಅವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಪಕ್ಕದಲ್ಲಿ ಕೂತು, ಇಷ್ಟು ವರ್ಷ ಬಾಯಿಗೆ ಬಾರದ್ದನ್ನು ಕೇಳಿಯೇಬಿಟ್ಟೆ. ಅವರ ಬೆರಳುಗಳು ಅಕ್ಕಿಯ ಮೇಲೆ ನಿಂತವು, ನನ್ನ ಬೋಳು ಕೈಯನ್ನು ಒಂದು ಗಳಿಗೆ ನೋಡಿದರು, ಮತ್ತೆ ಆರಿಸತೊಡಗಿದರು. ಸಂಜೆಯವರೆಗೂ ಕಾದೆ. ನಾನು ಕೇಳಿದ್ದು ಇಷ್ಟೇ:

“ಅತ್ತೆ, ಅಂದು ಬಾಲಕ್ಕೆ ಗಂಧ ಇಟ್ಟದ್ದು ನೀವಾ, ನಾನಾ?”