ಲಕ್ಕಿ ಸೊಪ್ಪಿನ ಸುಮೈರಾ ಮೇಡಂ
ದಾವಣಗೆರೆಯ ಕಾಲೇಜೊಂದರಲ್ಲಿ ಊತ ಇಳಿಸುವ ಗಿಡಮೂಲಿಕೆ ಹುಡುಕುವ ಸುಮೈರಾ ಮೇಡಂಗೆ ಬೇಲಿ ಕಂಡರೆ ಕಾಲು ಮುಂದೆ ಹೋಗದು. ಹರಿಹರದ ಹೊಳೆದಂಡೆಯಲ್ಲಿ ಲಕ್ಕಿ ಸೊಪ್ಪು ಮೂಸುತ್ತ ನಿಂತರೆಂದರೆ ಎರಡು ಬಸ್ಸು ಹೋದದ್ದೂ ತಿಳಿಯದು; ಊಟದ ಡಬ್ಬಿಯಲ್ಲಿ ಬೇರು, ಕನಸಿನಲ್ಲೂ ಹಸಿರು ಕಷಾಯ. “ಇದರಾಗ ಏನೋ ಐತ್ರಿ, ಇನ್ನೂ ಕೈಗೆ ಸಿಕ್ಕಿಲ್ಲ” ಎನ್ನುವುದು ಹತ್ತು ವರ್ಷದ ಹಳೇ ಮಾತು. ಪ್ರಯೋಗದ ಇಲಿಯ ಊದಿದ ಪಾದವನ್ನು, ಬಳೆ ತೊಡಿಸುವ ಮುನ್ನ ಗೆಣ್ಣು ಒತ್ತುವವರಂತೆ, ಮೆತ್ತಗೆ ಹಿಡಿಯುತ್ತಾರೆ. ಆ ಹಿಡಿತ ಅವರ ಅಬ್ಬಾ, ಬಳೆಗಾರ ಹಯಾತ್ ಸಾಬರದು. ಬೆರಳ ಗೆಣ್ಣುಗಳೆಲ್ಲ ಊದಿ ಸಾಬರು ಬಳೆಯ ಮಲಾರವನ್ನು ಅಟ್ಟಕ್ಕೇರಿಸಿದ ದಿನದಿಂದ ಮೇಡಂ ಕೈ ಬರಿದು. “ಬಳೆ ಯಾಕ ಹಾಕ್ಕಂಡಿಲ್ರಿ ಮೇಡಂ?” ಎಂದು ವಿದ್ಯಾರ್ಥಿನಿಯರು ಕೇಳಿದರೆ, ಅಂಗೈಯ ಸೊಪ್ಪನ್ನು ಇನ್ನೊಮ್ಮೆ ಮೂಸಿ, “ತೊಡಿಸೋರ ಕೈ ಇನ್ನೂ ವಾಸಿ ಆಗಿಲ್ಲಮ್ಮ” ಎನ್ನುತ್ತಾರೆ.